ಕುಂಟದ ಕುದುರೆಗಳು

ಕುದುರೆಗೆ ಬಾಯಿಲ್ಲ ಎನ್ನುವವರು ಲಾಯದಲ್ಲಿ ಒಂದು ದಿನವೂ ನಿಂತವರಲ್ಲ. ಕುದುರೆ ಮಾತಾಡುವುದು ಕಾಲಿನಿಂದ. ಎಲ್ಲಾದರೂ ನೋಯುತ್ತಿದ್ದರೆ ಆ ಕಾಲು ನೆಲದ ಮೇಲೆ ನಿಲ್ಲುವ ಹೊತ್ತು ಚಿಟಿಕೆಯಷ್ಟು ಕಡಿಮೆಯಾಗುತ್ತದೆ, ತಲೆ ಒಂದಿಷ್ಟು ಮೇಲಕ್ಕೆ ಹಾರುತ್ತದೆ, ಅಷ್ಟೇ. ಅದನ್ನು ಕಣ್ಣಿನಿಂದ ಹಿಡಿಯುವವರು ಆ ರೇಸ್ ಲಾಯದಲ್ಲಿ ನಾಲ್ಕಾರು ಜನ ಇದ್ದರು. ಕಿವಿಯಿಂದ ಹಿಡಿಯುವವನು ಒಬ್ಬನೇ, ಲಾಳ ಕಟ್ಟುವ ಮೇಸ್ತ್ರಿ. ಬೆಳಿಗ್ಗೆ ಕುದುರೆಗಳು ಸಾಲಾಗಿ ಟ್ರ್ಯಾಕಿಗೆ ಹೊರಟಾಗ ಅವನು ಬಾಗಿಲಿಗೆ ಬೆನ್ನು ಹಾಕಿ ಕುಲುಮೆಯ ಮುಂದೆ ಕೂತಿರುತ್ತಿದ್ದ. ಕಲ್ಲುಹಾಸಿನ ಮೇಲೆ ಸದ್ದು ಕೇಳಿಸುತ್ತಿದ್ದಂತೆ ತಲೆ ಕೂಡ ಎತ್ತದೆ, "ಮೂರನೇದು. ಮುಂದಿನ ಎಡಗಾಲು. ವಾಪಸ್ ಕರ್ಕೊಂಡ್ಹೋಗಿ ಕಟ್ಹಾಕಿ," ಎನ್ನುತ್ತಿದ್ದ. ಡಾಕ್ಟರ್ ಬಂದು ಮುಟ್ಟಿ ನೋಡಿದರೆ ಅದೇ ಕಾಲು ಬೆಚ್ಚಗಿರುತ್ತಿತ್ತು.

ಮೂವತ್ತೊಂದು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ. ಕುದುರೆಯ ಕಾಲನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಗೊರಸು ಕೆತ್ತಿ, ಕಾದ ಲಾಳ ಕೂರಿಸಿ, ಮೊಳೆ ಹೊಡೆಯುವುದು. ಬೆನ್ನು ಬಾಗಿ ಬಾಗಿ ಕೊನೆಗೆ ಬಾಗಿದ್ದೇ ನೆಟ್ಟಗೆ ಎನ್ನುವಂತಾಗಿತ್ತು. ಸುಟ್ಟ ಗೊರಸಿನ ವಾಸನೆ ಅವನ ಅಂಗಿಯಿಂದ ಯಾವ ಸೋಪಿಗೂ ಹೋಗುತ್ತಿರಲಿಲ್ಲ. "ನನ್ನ ಮುಖಕ್ಕಿಂತ ಕುದುರೆ ಹಿಂಭಾಗಾನೇ ಜಾಸ್ತಿ ನೋಡಿದಾರೆ, ಪುಣ್ಯಾತ್ಮರು," ಎಂದು ಅವನ ಹೆಂಡತಿ ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದಳು. ಅವನಿಗೂ ನಗು ಬರುತ್ತಿತ್ತು. ಒಬ್ಬಳೇ ಮಗಳು. ಹೆಣ್ಣು ಮಗು ಕುದುರೆ ಹತ್ತಬಾರದು ಎಂದು ಅವಳ ಅಮ್ಮ ಎಷ್ಟು ಬಡಿದುಕೊಂಡರೂ ಕೇಳದೆ, ಹದಿನೆಂಟಕ್ಕೇ ಅದೇ ಲಾಯದಲ್ಲಿ ಬೆಳಗಿನ ತಾಲೀಮಿನ ಸವಾರಳಾದಳು. ರೇಸಿನ ದಿನ ಟೋಪಿ ಹಾಕಿಕೊಂಡು ಓಡಿಸುವ ಜಾಕಿಗಳು ಬೇರೆ. ಇವರು ವರ್ಷಪೂರ್ತಿ ದಿನಕ್ಕೆ ಆರಾರು ಕುದುರೆ ಓಡಿಸಿ ಅವನ್ನು ತಯಾರು ಮಾಡಿಕೊಡುವವರು. ಇವರ ಹೆಸರು ಯಾವ ಬೋರ್ಡಿನ ಮೇಲೂ ಬರುವುದಿಲ್ಲ.

ಇಷ್ಟೇ ಆಗಿದ್ದರೆ ಹೇಳುವುದಕ್ಕೇನೂ ಇರುತ್ತಿರಲಿಲ್ಲ. ಹಾಳಾದ್ದು, ಮೇಸ್ತ್ರಿಗೆ ಒಂದು ಉಪಾಯ ಹೊಳೆಯಿತು.

ಒಂದೂವರೆ ವರ್ಷದ ಹಿಂದಿನ ಮಾತು. ಗೆಲ್ಲುತ್ತದೆ ಎಂದು ಎಲ್ಲರೂ ನೆಚ್ಚಿಕೊಂಡಿದ್ದ ಕುದುರೆಯೊಂದು ರೇಸಿಗೆ ವಾರವಿರುವಾಗ ಸಣ್ಣಗೆ ಕುಂಟತೊಡಗಿತು. ಮೇಸ್ತ್ರಿ ಒಂದು ಚರ್ಮದ ತುಂಡು ತೆಗೆದುಕೊಂಡು, ಒಂದು ತುದಿ ಬೆರಳಿನಷ್ಟು ದಪ್ಪ, ಇನ್ನೊಂದು ತುದಿ ಕಾಗದದಷ್ಟು ತೆಳು ಆಗುವಂತೆ ಕೆತ್ತಿ, ಗೊರಸಿಗೂ ಲಾಳಕ್ಕೂ ನಡುವೆ ಹಿಮ್ಮಡಿಯ ಕಡೆ ಇಟ್ಟು ಮೊಳೆ ಹೊಡೆದ. ಭಾರ ಒಂದಿಷ್ಟು ಜರುಗಿತು. ಕುದುರೆ ಕಲ್ಲುಹಾಸಿನ ಮೇಲೆ ಹೋದಾಗ ಅವನ ಕಿವಿಗೇ ಏನೂ ಸಿಗಲಿಲ್ಲ. ನಾಲ್ಕು ಕಾಲೂ ಒಂದೇ ತೂಕ. ಆ ಕುದುರೆ ಗೆದ್ದಿತು.

ಕುದುರೆಗಳನ್ನು ಪಳಗಿಸಿ ಲಾಯ ನಡೆಸುವ ಟ್ರೇನರ್ ಬಂದು ಅವನನ್ನು ತಬ್ಬಿಕೊಂಡ. "ಮೇಸ್ತ್ರಿ, ನಿಮ್ಮ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಕಣ್ರೀ!" ಟ್ರೇನರ್ ಕೆಟ್ಟವನೇನಲ್ಲ. ಗೆಲ್ಲಬೇಕು ಎಂಬ ಆಸೆಯವನು, ಅಷ್ಟೇ. ಅಷ್ಟೇ ಸಾಕಲ್ಲ! ಆರು ತಿಂಗಳಲ್ಲಿ ಲಾಯದ ಮೂವತ್ತೆಂಟು ಕುದುರೆಗಳಿಗೂ ಆ ಪಟ್ಟಿ ಬಂತು. "ಮೇಸ್ತ್ರಿ ಪಟ್ಟಿ" ಎಂದೇ ಅದಕ್ಕೆ ಹೆಸರು. ಬೇರೆ ಲಾಯದವರು ಬಂದು ಅವನ ಷೆಡ್ಡಿನ ಮುಂದೆ ಕೈಕಟ್ಟಿ ನಿಂತು ನೋಡಿ ಹೋದರು. ಮೂವತ್ತು ವರ್ಷ ಬಗ್ಗಿ ದುಡಿದವನಿಗೆ ಅಷ್ಟು ಮರ್ಯಾದೆ ಸಿಕ್ಕರೆ ಹೇಗಾಗುತ್ತದೆ ನೀವೇ ಹೇಳಿ. ಅವನು ಹೊಸ ಕನ್ನಡಕ ಮಾಡಿಸಿಕೊಂಡ, ನಡೆಯುವಾಗ ಬೆನ್ನು ಕೂಡ ಒಂದಿಷ್ಟು ನೆಟ್ಟಗಾದಂತೆ ಕಾಣುತ್ತಿತ್ತು.

ಆ ಲಾಯದಲ್ಲಿ ಒಂದು ಪದ್ಧತಿ. ಕುದುರೆ ಸತ್ತರೆ ಅದರ ಲಾಳಗಳನ್ನು ಕಿತ್ತು, ಕಟ್ಟಿದವನಿಗೇ ತಂದು ಒಪ್ಪಿಸುತ್ತಾರೆ. ಓಟದಲ್ಲಿ ಕಾಲು ಮುರಿದ ಕುದುರೆ ಬದುಕುವುದಿಲ್ಲ. ಡಾಕ್ಟರ್ ಅಲ್ಲೇ ಒಂದು ಸೂಜಿ ಚುಚ್ಚಿ ಮುಗಿಸುತ್ತಾರೆ. ಪಟ್ಟಿ ಬಂದ ಮೇಲೆ ಮೊದಲು ಬಂದ ಲಾಳಗಳನ್ನು ಮೇಸ್ತ್ರಿ ತೊಳೆದು ನೋಡಿದ. ಮುರಿದ ಕಾಲಿನದರಲ್ಲಿ ಪಟ್ಟಿಯ ದಪ್ಪ ತುದಿ ಒಂದು ಪಕ್ಕಕ್ಕೆ ಹಪ್ಪಳದಂತೆ ಚಪ್ಪಟೆಯಾಗಿತ್ತು. ಏನೋ ಗ್ರಹಚಾರ ಎಂದುಕೊಂಡು ಡಬ್ಬಕ್ಕೆ ಹಾಕಿದ. ಎರಡು ತಿಂಗಳಿಗೆ ಇನ್ನೊಂದು ಬಂತು. ಅದರಲ್ಲೂ ಹಾಗೆಯೇ, ಅದೇ ಪಕ್ಕ. ಅವನು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಕುಲುಮೆಯ ಮುಂದೆ ಕೂತ. ಒಳಗೆ ಎಲುಬು ಬಿರುಕು ಬಿಡುತ್ತಿದ್ದಾಗ ಕುದುರೆ ಆ ಪಕ್ಕಕ್ಕೆ ವಾಲಿ ವಾಲಿ ಹೇಳುತ್ತಲೇ ಇತ್ತು. ಅದರ ಮಾತು ಯಾರಿಗೂ ಕೇಳದ ಹಾಗೆ ಇವನು ಪಟ್ಟಿ ಇಟ್ಟು ಮೊಳೆ ಹೊಡೆದಿದ್ದ. ನೋವು ಹೋಗಿರಲಿಲ್ಲ, ಕುಂಟು ಮಾತ್ರ ಹೋಗಿತ್ತು.

ಮಾರನೆಯ ದಿನ ಟ್ರೇನರ್ ಹತ್ತಿರ ಹೋಗಿ ತಲೆ ಕೆರೆದುಕೊಂಡು ನಿಂತ. "ಸಾಹೇಬ್ರೇ, ಆ ಪಟ್ಟೀನ ಸ್ವಲ್ಪ ದಿನ ನಿಲ್ಲಿಸೋಣ ಅಂತ."

"ಯಾಕ್ರೀ? ಚರ್ಮ ಮುಗೀತಾ? ತರಿಸ್ಕೊಡ್ತೀನಿ."

"ಅದಲ್ಲ. ಎರಡು ಮುರಿದ್ವಲ್ಲ…"

"ಅದು ಮರಳಿಂದು ಮೇಸ್ತ್ರಿ. ಟ್ರ್ಯಾಕ್ ಮರಳು ಸರಿಯಿಲ್ಲ. ಹೊಸದು ಹಾಕಿಸ್ತಿದೀನಿ. ನೀವು ತಲೆ ಕೆಡಿಸ್ಕೋಬೇಡಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆದರೆ ಮೇಸ್ತ್ರಿಗೂ ಆ ಡೊಂಕು ನೆಲ ಬೇಕಾಗಿಯೇ ಇತ್ತು. ಸರಿ ಸಾಹೇಬ್ರೇ ಎಂದು ಬಂದುಬಿಟ್ಟ. ಬಂದವನು ಸುಮ್ಮನೆ ಕೂರಲಿಲ್ಲ. ಮಗಳು ಓಡಿಸುತ್ತಿದ್ದ ಆರು ಕುದುರೆಗಳನ್ನು ಒಂದೊಂದಾಗಿ ಷೆಡ್ಡಿಗೆ ತರಿಸಿಕೊಂಡು, ಮೊಳೆ ಸಡಿಲವಾಗಿದೆ ಎಂದು ನೆಪ ಹೇಳಿ, ಪಟ್ಟಿ ತೆಗೆದು ಬರೀ ಲಾಳ ಕಟ್ಟಿ ಕಳಿಸಿದ. ಉಳಿದವಕ್ಕೆಲ್ಲ ಪಟ್ಟಿ ಹಾಗೇ ಇತ್ತು.

ನಾನು ಅವನ ಪರವಾಗಿ ವಾದ ಮಾಡಲು ಕೂತಿಲ್ಲ. ಅಪ್ಪನಾದವನ ಕೈ ಮೊದಲು ಎತ್ತ ಹೋಗುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಅದಾಗಿ ಒಂದು ತಿಂಗಳಿಗೆ ಗುಬ್ಬಿ ಬಿದ್ದಳು. ಗುಬ್ಬಿ ಮಗಳ ಜೊತೆಗಾತಿ, ಲಾಯದ ಇನ್ನೊಬ್ಬ ಸವಾರಳು. ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ ಮೈ, ಅದಕ್ಕೇ ಆ ಹೆಸರು. ಮೇಸ್ತ್ರಿಯ ಮನೆಯಲ್ಲಿ ವಾರಕ್ಕೆ ಮೂರು ಸಲ ಊಟ ಮಾಡುತ್ತಿದ್ದವಳು, ಅವನನ್ನು ಮಾವ ಎನ್ನುತ್ತಿದ್ದವಳು. ಅವಳ ಕುದುರೆಗೆ ಎರಡು ದಿನದ ಹಿಂದಷ್ಟೇ ಮೇಸ್ತ್ರಿ ಹೊಸ ಲಾಳ ಕಟ್ಟಿದ್ದ, ಪಟ್ಟಿ ಸಮೇತ. ತಿರುವಿನಲ್ಲಿ ನಾಗಾಲೋಟದಲ್ಲಿದ್ದಾಗ ಒಣಕೊಂಬೆ ಮುರಿದ ಹಾಗೆ ಸದ್ದಾಯಿತಂತೆ. ಅದು ಷೆಡ್ಡಿನ ತನಕ ಕೇಳಿಸಿತು. ಕುದುರೆ ಗುಬ್ಬಿಯ ಮೇಲೇ ಉರುಳಿತ್ತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಉಳಿಯಲಿಲ್ಲ. ಸಂಜೆ ಆ ಕುದುರೆಯ ನಾಲ್ಕು ಲಾಳ ಬಂದವು. ಮೇಸ್ತ್ರಿ ತೊಳೆಯದೆ ಡಬ್ಬಕ್ಕೆ ಹಾಕಿದ.

ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ ಅಂತೀರಿ. ಬಿಡಬಹುದಿತ್ತು. ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಗುಬ್ಬಿ ಕೇಳುತ್ತಾಳೆ, ಎಲ್ಲರಿಗಿಂತ ಮುಂಚೆ ಮಗಳು ಕೇಳುತ್ತಾಳೆ. ತಡಮಾಡಿದಷ್ಟೂ ಬಾಯಿ ಬಿಗಿಯುತ್ತಾ ಹೋಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಗಳ ಪಾಡು ಬೇರೆಯೇ. ಅವಳ ಕುದುರೆಗಳಿಗೆ ಪಟ್ಟಿ ಇಲ್ಲವಲ್ಲ, ಸಣ್ಣ ನೋವು ಬಂದರೂ ಕುಂಟುತ್ತಿದ್ದವು. ಲಾಯದ ಡಾಕ್ಟರಮ್ಮ ಅವನ್ನು ಹತ್ತು ದಿನ, ಹದಿನೈದು ದಿನ ಕಟ್ಟಿಹಾಕಿಸುತ್ತಿದ್ದಳು. ಲಾಯದ ಹುಡುಗರು ಅವಳಿಗೆ "ಕುಂಟುರಾಣಿ" ಎಂದು ಹೆಸರಿಟ್ಟರು.

"ನನ್ನ ಕೈಗೆ ಬಂದಿದ್ದೆಲ್ಲ ಕುಂಟುತ್ತಪ್ಪ," ಎಂದು ಅವಳು ಅಡಿಗೆಮನೆಯ ಕಟ್ಟೆ ಮೇಲೆ ಕೂತು ಬೂಟಿನ ಮರಳು ಕೊಡವುತ್ತಾ ಹೇಳುತ್ತಿದ್ದಳು. "ಬೇರೆಯವರ ಕುದುರೆಗೂ ನೀನೇ ಲಾಳ ಕಟ್ಟೋದು, ನನ್ನದಕ್ಕೂ ನೀನೇ. ಅವೆಲ್ಲ ಹಕ್ಕಿ ಹಾರಿದಂಗೆ ಹಾರ್ತವೆ. ನನ್ನವು ಮಾತ್ರ ಅಜ್ಜಿ ನಡೆದಂಗೆ. ನನ್ನ ಕಾಲ್ಗುಣಾನೇ ಸರಿಯಿಲ್ಲ ಬಿಡು."

"ಹಾಗನ್ಬೇಡ ಕಣೇ," ಎಂದು ಹೆಂಡತಿ ಗದರುತ್ತಿದ್ದಳು. "ರೀ, ನೀವಾದ್ರೂ ಒಂದು ಮಾತು ಹೇಳ್ರೀ."

ಮೇಸ್ತ್ರಿ ತಟ್ಟೆ ನೋಡುತ್ತಾ ಉಣ್ಣುತ್ತಿದ್ದ. ಮಗಳು ಕೈಕಾಲು ನೆಟ್ಟಗಿಟ್ಟುಕೊಂಡು ಕಣ್ಣೆದುರು ಕೂತಿದ್ದಾಳೆ. ಬಯ್ಯಲಿ, ಅಳಲಿ, ಕೂತಿರಲಿ ಸಾಕು ಎಂದು ಅವನ ಲೆಕ್ಕ.

ಡಾಕ್ಟರಮ್ಮ ಆ ಲಾಯಕ್ಕೆ ಬಂದು ವರ್ಷವಷ್ಟೇ ಆಗಿತ್ತು. ಚಿಕ್ಕ ವಯಸ್ಸು, ಕಡಿಮೆ ಮಾತು. ಔಷಧಿ ಕೋಣೆಯ ಗೋಡೆಗೆ ಒಂದು ಕಪ್ಪು ಹಲಗೆ ಹೊಡೆಸಿ, ಯಾವ ಕುದುರೆಗೆ ಯಾವತ್ತು ಏನಾಯಿತು ಎಂಬುದನ್ನೆಲ್ಲ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಮೇಸ್ತ್ರಿ ಗಾಯಕ್ಕೆ ಮುಲಾಮು ಕೇಳಲು ಹೋದಾಗ ಅವಳು ಹಲಗೆಯನ್ನೇ ನೋಡುತ್ತಾ ನಿಂತಿದ್ದಳು.

"ಬನ್ನಿ ಮೇಸ್ತ್ರಿ. ಒಂದು ವಿಚಿತ್ರ ನೋಡಿ. ಜನ ರೇಸ್ ದಿನ ಕುದುರೆ ಬಿದ್ರೆ ಅಯ್ಯೋ ಅಂತಾರೆ. ಈ ವರ್ಷ ರೇಸಲ್ಲಿ ಮುರಿದಿದ್ದು ಒಂದು. ಬೆಳಗಿನ ತಾಲೀಮಲ್ಲಿ ಮುರಿದಿದ್ದು ಐದು. ಮುಂಚೆ ವರ್ಷಕ್ಕೊಂದು ಆದ್ರೆ ಹೆಚ್ಚಿತ್ತಂತೆ."

"ಮರಳು…" ಎಂದ ಮೇಸ್ತ್ರಿ.

"ಮರಳು ಎರಡು ಸಲ ಬದಲಾಯಿಸಿದ್ರು. ಮರಳು ಕೆಟ್ಟಿದ್ರೆ ಸಣ್ಣಪುಟ್ಟ ಕುಂಟೂ ಜಾಸ್ತಿ ಆಗ್ಬೇಕಿತ್ತಲ್ವಾ? ಅದು ಅರ್ಧಕ್ಕರ್ಧ ಕಡಿಮೆ ಆಗಿದೆ. ನೋವಿನ ಗುರುತೇ ಇಲ್ದೆ ನೇರ ಎಲುಬು ಮುರೀತಿದೆ. ಹೀಗೆ ನಾನೆಲ್ಲೂ ನೋಡಿಲ್ಲ." ಅವಳು ಹಲಗೆಯ ಕೆಳಮೂಲೆಗೆ ಬೆರಳಿಟ್ಟಳು. "ನಿಮ್ಮ ಮಗಳ ಕುದುರೆಗಳು ಮಾತ್ರ ಮುಂಚಿನ ಥರಾನೇ. ಕುಂಟ್ತವೆ, ವಾಸಿ ಆಗ್ತವೆ. ಒಂದೂ ಮುರಿದಿಲ್ಲ. ಅವಳ ಕೈ ಬಲು ಹಗುರ ಇರ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಸ್ತ್ರಿಯ ಕೈ ತಾನಾಗಿ, ಲಾಳ ಕಟ್ಟುವಾಗ ತೊಡುವ ಚರ್ಮದ ಮುಂದಂಗಿಯ ಜೇಬಿಗೆ ಹೋಯಿತು. ಅದರಲ್ಲಿ ಕೆತ್ತಿಟ್ಟ ನಾಲ್ಕು ಪಟ್ಟಿಗಳಿದ್ದವು. ಮುಲಾಮು ತೆಗೆದುಕೊಳ್ಳುವುದನ್ನೇ ಮರೆತು ಹೊರಗೆ ಬಂದ.

ಅದಾಗಿ ಮೂರನೆಯ ದಿನ ಮಧ್ಯಾಹ್ನ ಮಗಳು ಚಪ್ಪಲಿ ಕೂಡ ಬಿಡದೆ ಒಳಗೆ ಓಡಿಬಂದಳು. "ಅಪ್ಪಾ! ನಾಳೆ ಬೂದಿ ನನಗೆ!"

ಬೂದಿ ಆ ವರ್ಷದ ದೊಡ್ಡ ಕುದುರೆ, ಬೂದು ಬಣ್ಣದ ಗಂಡು. ಅದರ ಸವಾರನಿಗೆ ಜ್ವರ ಬಂದು ಮಲಗಿದ್ದ. ನಾಳೆ ಪೂರ್ತಿ ವೇಗದ ಪರೀಕ್ಷೆ. ಮಗಳ ಮುಖ ಅರಳಿದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತೋ! ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ ಹಾಕಿದ. ಬೂದಿಗೆ ನಾಲ್ಕು ದಿನದ ಹಿಂದೆ ಲಾಳ ಕಟ್ಟುವಾಗ ಮುಂದಿನ ಬಲಗಾಲನ್ನು ಅದು ಅವನ ತೊಡೆಯ ನಡುವೆ ನಡುಗಿಸಿತ್ತು. ಅವನು ಪಟ್ಟಿಯನ್ನು ಇನ್ನಷ್ಟು ದಪ್ಪ ಮಾಡಿ ಕೂರಿಸಿದ್ದ.

"ಬೇಡ ಮಗಾ," ಎಂದ.

"ಏನ್ ಬೇಡ?"

"ಅದು ಮೊಂಡ ಕುದುರೆ. ನಿಂಗೆ ಅಭ್ಯಾಸ ಇಲ್ಲ."

"ಅಪ್ಪ, ಅದಕ್ಕೆ ಲಾಳ ಕಟ್ಟಿರೋದು ನೀನು. ಇನ್ನೇನ್ ಭಯ ನಂಗೆ?"

ಊಟ ಅರ್ಧಕ್ಕೆ ಬಿಟ್ಟು ಲಾಯಕ್ಕೆ ಹೋದ. ಸದ್ದಿಲ್ಲದೆ ಪಟ್ಟಿ ತೆಗೆದು ಬರೀ ಲಾಳ ಕಟ್ಟಿಬಿಟ್ಟರೆ, ಬೆಳಿಗ್ಗೆ ಬೂದಿ ಕುಂಟುತ್ತದೆ, ಮಗಳು ಇಳಿಯುತ್ತಾಳೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಆಗಲೂ ಅವನ ತಲೆ ಓಡಿದ್ದು ಹೀಗೆಯೇ. ಆದರೆ ಬೂದಿಯ ಬಾಗಿಲಲ್ಲಿ ಟ್ರೇನರ್ ಕುರ್ಚಿ ಹಾಕಿಕೊಂಡು ಕೂತಿದ್ದ.

"ಮೊಳೆ ಒಂದ್ಸಲ ನೋಡ್ತೀನಿ ಸಾಹೇಬ್ರೇ."

"ಪರೀಕ್ಷೆ ಹಿಂದಿನ ದಿನ ಗೊರಸು ಮುಟ್ಟೋ ಹಾಗಿಲ್ಲ ಅಂತ ನಿಯಮ ಮಾಡಿದ್ದೇ ನೀವಲ್ವೇನ್ರೀ? ಹೋಗಿ, ಆರಾಮಾಗಿರಿ. ಕಾಲು ಬಂಗಾರದಂಗಿದೆ."

ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಕುದುರೆಗಳು ಹೊರಟವು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೇಳಿದ. ಬೂದಿಯ ನಾಲ್ಕು ಕಾಲೂ ಗಡಿಯಾರದ ಹಾಗೆ ಬಿದ್ದವು. ಒಂದು ಚೂರು ತಪ್ಪಿದ್ದರೂ ಅವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಆ ಸರಿಯಾದ ಸದ್ದು ಟ್ರ್ಯಾಕಿನ ಕಡೆ ಹೋಗುತ್ತಾ ಹೋಗುತ್ತಾ ಮರಳಿನಲ್ಲಿ ಅಡಗಿತು. ಆಗ ಅವನು ಇಕ್ಕಳ ಹಿಡಿದುಕೊಂಡು ಓಡಿದ. ಬಾಗಿದ ಬೆನ್ನಿನ ಮುದುಕ, ಮುಂದಂಗಿ ಕಾಲಿಗೆ ತೊಡರುತ್ತಾ, ಉಸಿರು ಕಟ್ಟುತ್ತಾ ಓಡುತ್ತಿದ್ದರೆ ಲಾಯದವರು ಮೊದಲು ನಕ್ಕರು.

ಬೂದಿ ಮೈ ಬಿಸಿ ಮಾಡಿಕೊಳ್ಳುವ ಸಣ್ಣ ಓಟದಲ್ಲಿ ಒಂದು ಸುತ್ತು ಮುಗಿಸಿ ಬರುತ್ತಿತ್ತು. ಮಗಳು ಲಗಾಮು ಸಡಿಲಿಸಿ ಮುಂದಕ್ಕೆ ಬಾಗುತ್ತಿದ್ದಳು. ಮೇಸ್ತ್ರಿ ಬೇಲಿಯ ಅಡ್ಡಕಂಬಿಯ ಕೆಳಗೆ ನುಸುಳಿ ಟ್ರ್ಯಾಕಿನ ನಡುವೆ ಎರಡು ಕೈ ಚಾಚಿ ನಿಂತ.

"ಅಪ್ಪಾ! ಹುಚ್ಚು ಹಿಡಿದಿದೆಯಾ ನಿಂಗೆ!" ಮಗಳು ಲಗಾಮು ಜಗ್ಗಿದಳು. ಕುದುರೆ ಅವನಿಂದ ಒಂದು ಮಾರಿನಾಚೆ ನಿಂತು ಮುಖದ ಮೇಲೆ ಉಸಿರು ಬಿಟ್ಟಿತು.

"ಇಳಿ," ಎಂದ. "ಇಳೀತೀಯೋ ಇಲ್ವೋ!" ಹುಟ್ಟಿದಾಗಿನಿಂದ ಅವನು ಅವಳ ಮೇಲೆ ಹಾಗೆ ಕಿರುಚಿರಲಿಲ್ಲ. ಅವಳು ಇಳಿದಳು. ಅವನು ಅಲ್ಲೇ ಮರಳಿನ ಮೇಲೆ ಬಲಗಾಲನ್ನು ತೊಡೆಗೆ ಸಿಕ್ಕಿಸಿಕೊಂಡು ಇಕ್ಕಳ ಹಾಕಿ ಲಾಳ ಕಿತ್ತ, ಪಟ್ಟಿ ಕಿತ್ತ, ಕಾಲು ಬಿಟ್ಟ. ಬೂದಿ ಆ ಕಾಲನ್ನು ನೆಲಕ್ಕೆ ಇಟ್ಟಿತು. ಇಟ್ಟ ಕ್ಷಣವೇ ಎತ್ತಿಕೊಂಡಿತು. ಮತ್ತೆ ಇಡಲೇ ಇಲ್ಲ.

ಡಾಕ್ಟರಮ್ಮ ಬಂದು ಕಾಲು ನೇವರಿಸಿದಳು. ಎಕ್ಸ್‌ರೇಯಲ್ಲಿ ಕಣಕಾಲಿನ ಮೇಲೆ ಕೂದಲಿನಂಥ ಗೀರು ಕಂಡಿತು. "ಒಂದು ಫರ್ಲಾಂಗ್ ನಾಗಾಲೋಟ ಸಾಕಿತ್ತು," ಎಂದಳು. ಆಗ ಮೇಸ್ತ್ರಿ ಎಲ್ಲರೆದುರಿಗೆ ಪಟ್ಟಿಯನ್ನು ಅಂಗೈ ಮೇಲಿಟ್ಟು ಹೇಳಿದ. ಮರಳಲ್ಲ, ಇದು. ಇದು ಕುಂಟನ್ನು ಮುಚ್ಚುತ್ತೆ. ಟ್ರೇನರ್ ಪಟ್ಟಿಯನ್ನು ಅವನ ಅಂಗೈಯಿಂದ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಕುದುರೆಗಳನ್ನೆಲ್ಲ ವಾಪಸ್ ತರಿಸಿದರು. ಮಧ್ಯಾಹ್ನದ ತನಕ ಮೇಸ್ತ್ರಿ ಒಬ್ಬನೇ ಒಂದೊಂದೇ ಕೊಟ್ಟಿಗೆ ಹೊಕ್ಕು ಲಾಳ ಕಿತ್ತ. ಮಗಳ ಆರು ಕುದುರೆಗಳ ಬಾಗಿಲು ಮುಚ್ಚಿಕೊಂಡು ಕಿತ್ತ, ಅಲ್ಲಿ ಪಟ್ಟಿ ಇಲ್ಲದ್ದು ಯಾರ ಕಣ್ಣಿಗೂ ಬೀಳಬಾರದಲ್ಲ. ಆಮೇಲೆ ಕಲ್ಲುಹಾಸಿನ ಮೇಲೆ ಒಂದೊಂದನ್ನೇ ನಡೆಸಿದರು. ನಿನ್ನೆಯವರೆಗೆ ಹಕ್ಕಿ ಹಾರಿದಂತೆ ಹಾರುತ್ತಿದ್ದವುಗಳಲ್ಲಿ ಹದಿನಾಲ್ಕು ಕುಂಟಿದವು. ಡಾಕ್ಟರಮ್ಮ ಬರೆದುಕೊಳ್ಳುತ್ತಾ ಹೋದಳು.

ಮಗಳು ಷೆಡ್ಡಿಗೆ ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಅವನ ತೋಳು ಹಿಡಿದುಕೊಂಡಳು. "ನೀನೇನ್ ಬೇಕು ಅಂತ ಮಾಡಿದ್ಯಾ? ಒಳ್ಳೇದಾಗ್ಲಿ ಅಂತ ತಾನೇ ಮಾಡಿದ್ದು. ಇವತ್ತು ಗೊತ್ತಾದ ತಕ್ಷಣ ಓಡಿ ಬಂದೆ, ನಾನು ಉಳ್ಕೊಂಡೆ. ಏಳು, ಗುಬ್ಬಿ ಹತ್ರ ಹೋಗೋಣ. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗ್ಬಾರ್ದು. ನಾನಿರ್ತೀನಿ ಜೊತೇಲಿ."

ಇವತ್ತು ಗೊತ್ತಾದ ತಕ್ಷಣ. ಮೇಸ್ತ್ರಿ ಆ ಮಾತನ್ನು ತಿದ್ದಲಿಲ್ಲ.

ಗುಬ್ಬಿಯ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಎದ್ದು ಕೂರಲು ಮೇಲಿನಿಂದ ಒಂದು ಹಗ್ಗ ಇಳಿಬಿಟ್ಟಿದ್ದರು. ಎಂಟು ತಿಂಗಳಿನಿಂದ ಮಲಗಿ ಮಲಗಿ ಅವಳ ಮುಖದಲ್ಲಿ ಕಣ್ಣು ಎರಡೇ ಉಳಿದಂತಿದ್ದವು. "ಮಾವ! ಅಂತೂ ಬಂದ್ರಲ್ಲ!" ಎಂದು ಹಗ್ಗ ಹಿಡಿದು ಎದ್ದಳು. ಮಗಳು ರೂಢಿಯಂತೆ ಮಂಚದ ಕಾಲಡಿ ಕೂತು ಅವಳ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ತಿಕ್ಕತೊಡಗಿದಳು. ಮೇಸ್ತ್ರಿ ನಿಂತೇ ಹೇಳಿದ. ಪಟ್ಟಿ, ಎಲುಬು, ಕುಂಟು ಕಾಣದೇ ಹೋದದ್ದು, ಅವಳ ಕುದುರೆಯ ಲಾಳ, ಎಲ್ಲ ಹೇಳಿದ. ಮಗಳು ಬಗ್ಗಿಸಿದ ತಲೆ ಎತ್ತದೆ ಕಣ್ಣೊರೆಸಿಕೊಂಡಳು.

ಗುಬ್ಬಿ ಅಳಲಿಲ್ಲ. ಹಾಸಿಗೆಯಲ್ಲಿ ಬಿದ್ದವಳಿಗೆ ಯೋಚನೆ ಮಾಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲವಲ್ಲ, ಅವಳು ಒಂದೊಂದನ್ನೇ ಜೋಡಿಸಿಕೊಳ್ಳುತ್ತಿದ್ದಳು.

"ಪಟ್ಟಿ ಇದ್ರೆ ಕುದುರೆ ಕುಂಟಲ್ಲ ಅಂದ್ರಲ್ಲ ಮಾವ?"

"ಹೂಂ ಕಣಮ್ಮ."

"ಮತ್ತೆ ಇವಳ ಕುದುರೆಗಳು ಯಾವಾಗ್ಲೂ ಕುಂಟ್ತಿದ್ವಲ್ಲ?"

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. ಮೇಸ್ತ್ರಿಗೆ ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು, ಅವು ಎಳೆಯ ಕುದುರೆಗಳು ಎಂದೋ ಏನೋ. ಮಗಳ ಮುಖ ನೋಡಿದ. ಅವನು ಏನು ಹೇಳಿದರೂ ನಂಬುವ ಮುಖ ಇನ್ನೂ ಅದು.

"ಅವಕ್ಕೆ ಹಾಕಿರ್ಲಿಲ್ಲ," ಎಂದ.

"ಯಾವಾಗಿಂದ ಅಪ್ಪ?" ಈ ಸಲ ಕೇಳಿದವಳು ಮಗಳು.

ಅವನು ಗುಬ್ಬಿಯ ಕಡೆ ತಿರುಗಿಯೇ ಹೇಳಿದ. "ನೀನು ಬೀಳೋ ಒಂದು ತಿಂಗಳ ಮುಂಚಿಂದಮ್ಮ."

ಗುಬ್ಬಿ ಹಗ್ಗ ಬಿಟ್ಟು ನಿಧಾನವಾಗಿ ದಿಂಬಿಗೆ ಒರಗಿದಳು. ಮಗಳು ಬಟ್ಟಲಿನಿಂದ ಇನ್ನಷ್ಟು ಎಣ್ಣೆ ತೆಗೆದುಕೊಂಡು, ಏನೂ ಅರಿಯದ ಆ ಎರಡು ಪಾದಗಳನ್ನು ಮತ್ತೆ ತಿಕ್ಕತೊಡಗಿದಳು.

"ನೀನು ಮನೆಗೆ ಹೋಗು," ಎಂದಳು, ತಲೆ ಎತ್ತದೆ. "ಅಮ್ಮಂಗೆ ಹೇಳ್ಬಿಡು. ನಾನು ಇನ್ನು ಇಲ್ಲೇ ಇರ್ತೀನಿ."